ಸುಮ್ಮನಿದ್ದವರ ಸಿನಿಮಾ

ನಮ್ಮ ಬೀದರ್ ಸೀಮೆಯಲ್ಲಿ ಕೇರಿಯ ಕೂಸಿಗೆ ಸಿಗುವ ಮೊದಲ ಪಾಠ ಒಂದೇ: "ಸುಮ್ನ ಕುಂದ್ರು." ಅದಕ್ಕೇ ಕುಣಿತ, ಹೊಡೆದಾಟಗಳಿಲ್ಲದ, ಒಬ್ಬ ಮನುಷ್ಯನ ಮುಖವನ್ನೇ ಹಿಂಬಾಲಿಸುವ ಸದ್ದಿಲ್ಲದ ಸಿನಿಮಾ ನೋಡುವಾಗ ನಾವು ಮೊದಲು ಕೇಳುವುದು ಇದನ್ನು: ಇಲ್ಲಿ ಸುಮ್ಮನಿರುವವರು ಯಾರು? ಅವರ ಬಾಯಿ ಕಟ್ಟಿದವರು ಯಾರು?

1948ರ ಸೆಪ್ಟೆಂಬರ್‌ವರೆಗೆ ಈ ಸೀಮೆ ನಿಜಾಮನದು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಹರಿದು ಹಂಚಿಹೋಯಿತು. ಉದ್ಗೀರ್, ನಿಲಂಗಾ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ. ಗಡಿ ಬದಲಾಯಿತು, ನಾಲಿಗೆ ಬದಲಾಗಲಿಲ್ಲ. ಬೀದರ್ ಶಹರದ ಗಲ್ಲಿಗಳಲ್ಲಿ ದಖನಿ, ಭಾಲ್ಕಿಯಲ್ಲಿ ಕನ್ನಡ, ಔರಾದ್ ಕಡೆ ಹೋದಷ್ಟೂ ಮರಾಠಿ. ಈ ಮೂರು ನುಡಿಗಳಲ್ಲೂ ಸುಮ್ಮನಿದ್ದವರ ಸಿನಿಮಾ ಒಂದೊಂದು ಬಂದಿದೆ.

ಮೊದಲು ದಖನಿ. ಈ ನುಡಿಯ ಮೊದಮೊದಲ ದೊಡ್ಡ ಕಾವ್ಯ 15ನೇ ಶತಮಾನದ ಬಹಮನಿ ಕಾಲದ್ದು, ಬೀದರಿನದು. ಆಮೇಲೆ ಸಿನಿಮಾದವರು ಅದನ್ನು ನಗೆಪಾಟಲಿಗೆ ಬಳಸಿಕೊಂಡದ್ದೇ ಹೆಚ್ಚು. ಹೈದರಾಬಾದಿನಲ್ಲಿ ಬೆಳೆದ ಶ್ಯಾಮ್ ಬೆನೆಗಲ್ 1974ರ 'ಅಂಕುರ್'ನಲ್ಲಿ ಅದಕ್ಕೆ ದುಃಖದ ಮಾತು ಕೊಟ್ಟರು. ಜಮೀನ್ದಾರನ ಮಗ ದಲಿತ ಹೆಣ್ಣು ಲಕ್ಷ್ಮಿಯ ಕೈಯ ಚಹಾ ಕುಡಿಯುತ್ತಾನೆ, ಅವಳ ಮೈಯನ್ನೂ ಬಳಸಿಕೊಳ್ಳುತ್ತಾನೆ, ಬಸುರಾದಾಗ ಕೈಬಿಡುತ್ತಾನೆ. ಗಂಡ ಕಿಷ್ಟಯ್ಯ ಮೂಗ, ಕಿವುಡ. ಕೆಲಸ ಕೇಳಲು ಬಂದವನನ್ನು ಧಣಿ ತನ್ನ ಅಂಜಿಕೆಗೇ ಬಾರಿಸುತ್ತಾನೆ. ಆಗ ಲಕ್ಷ್ಮಿ ಬಾಯಿ ಬಿಡುತ್ತಾಳೆ. ಕೊನೆಗೆ ಧಣಿಯ ಕಿಟಕಿಗೆ ಒಂದು ಸಣ್ಣ ಹುಡುಗ ಕಲ್ಲು ಬೀಸುತ್ತಾನೆ.

ಮರುವರ್ಷ, 1975ರಲ್ಲಿ, ಕನ್ನಡದ 'ಚೋಮನ ದುಡಿ'. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ಸ್ವರ್ಣಕಮಲ ಬಂತು, ಚೋಮನಾಗಿದ್ದ ಎಂ.ವಿ. ವಾಸುದೇವ ರಾವ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಅದು ತುಳುನಾಡಿನ ಕಥೆ. ಆದರೆ ಸಾಲಕ್ಕೆ ದುಡಿಯುವುದು ಭಾಲ್ಕಿಯ ಹೊಲಗಳಿಗೆ ಹೊಸದೇನ್ರಿ? ನಿಜಾಮನ ರಾಜ್ಯದಲ್ಲಿ ಅಂಥವರನ್ನು 'ಭಗೇಲಾ' ಅಂದರು. 1936ರಲ್ಲಿ ಅದರ ಮೇಲೆ ಕಾಯಿದೆ ಬಂತು, ಜೀತ ಹೋಗಲಿಲ್ಲ. ಜೀತ ರದ್ದತಿಯ ಕೇಂದ್ರ ಕಾಯಿದೆಗೆ 1976ರವರೆಗೆ ಕಾಯಬೇಕಾಯಿತು. 1974ರ ಭೂಸುಧಾರಣೆ 'ಉಳುವವನೇ ಹೊಲದೊಡೆಯ' ಅಂತು, ಗೇಣಿದಾರನಿಗೆ ಹೊಲ ಕೊಟ್ಟಿತು. ಚೋಮ ಗೇಣಿದಾರನಲ್ಲ, ಆಳು. ಹೊಲೆಯ ನೇಗಿಲು ಹಿಡಿಯಬಾರದೆಂದೇ ಊರು ಕಟ್ಟು ಮಾಡಿತ್ತು. ಉಳಲಿಕ್ಕೇ ಬಿಡದವನಿಗೆ ಒಡೆತನ ಎಲ್ಲಿಂದ ಬರಬೇಕು? ಚೋಮ ಎತ್ತು ಬಿಟ್ಟು, ನೇಗಿಲು ಮುರಿದು, ಕದ ಹಾಕಿಕೊಂಡು, ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಅಲ್ಲಿಂದ ಸುಮಾರು ನಾಲ್ಕು ದಶಕ ದಾಟಿ, 2013ರಲ್ಲಿ, ಮರಾಠಿಯ 'ಫಂಡ್ರಿ'. ಕೈಕಾಡಿ ನುಡಿಯಲ್ಲಿ ಫಂಡ್ರಿ ಅಂದರೆ ಹಂದಿ. ಕನ್ನಡದ ಕಿವಿಗೆ ಈ ನಂಟು ಬಿಡಿಸಿ ಹೇಳಬೇಕಿಲ್ಲ. ಕೈಕಾಡಿ ಹುಡುಗ ಜಬ್ಯಾ ಶಾಲೆಗೆ ಹೋಗುತ್ತಾನೆ, ಮೇಲ್ಜಾತಿಯ ಹುಡುಗಿಯನ್ನು ದೂರದಿಂದಲೇ ನೋಡುತ್ತಾನೆ. ಒಂದಿನ ಅವಳೆದುರೇ, ಸಹಪಾಠಿಗಳ ನಗೆಯ ನಡುವೆ, ಅಪ್ಪನ ಜೊತೆ ಊರ ಹಂದಿ ಹಿಡಿಯಬೇಕಾಗುತ್ತದೆ. ಹಂದಿ ಇನ್ನೇನು ಸಿಕ್ಕಿತು ಅನ್ನುವಾಗ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಇಡೀ ಕುಟುಂಬ ನಿಂತಲ್ಲೇ ನೆಟ್ಟಗೆ ನಿಲ್ಲುತ್ತದೆ, ಹಂದಿ ಓಡಿಹೋಗುತ್ತದೆ. ಸತ್ತ ಹಂದಿಯನ್ನು ಹೊತ್ತು ಸಾಗುವಾಗ ಹಿಂದಿನ ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ. ಯಾರೂ ಭಾಷಣ ಮಾಡುವುದಿಲ್ಲ. ಕೊನೆಗೆ ಜಬ್ಯಾ ಬೀಸಿದ ಕಲ್ಲು ನೇರ ಪರದೆಯ ಈಚೆಗೆ, ನೋಡುವವರ ಕಡೆಗೇ ಬರುತ್ತದೆ.

ಈ ಮೂರನ್ನೂ ಸಾಲಾಗಿ ಇಟ್ಟು ನೋಡಬೇಕು. ಇಬ್ಬರು ಕಾರಂತರೂ, ಬೆನೆಗಲ್ಲರೂ ಕೇರಿಯ ಹೊರಗಿನವರು. ಅವರ ಕಣ್ಣು ಪ್ರಾಮಾಣಿಕವಾಗಿತ್ತು. ಅದನ್ನು ಅಲ್ಲಗಳೆಯುವುದು ಸಣ್ಣತನ. ಆದರೂ ಚೋಮನ ಸಿಟ್ಟು ಕದದೊಳಗೇ ಸತ್ತಿತು. ಲಕ್ಷ್ಮಿಯ ಸಿಟ್ಟನ್ನು ಯಾರದೋ ಮಗು ಎಸೆಯಬೇಕಾಯಿತು. 'ಫಂಡ್ರಿ' ಮಾಡಿದ ನಾಗರಾಜ ಮಂಜುಳೆ ಸೊಲ್ಲಾಪುರ ಜಿಲ್ಲೆಯವರು, ಕಲ್ಲೊಡೆಯುವ ವಡ್ಡರ ಸಮುದಾಯದವರು. ಅಲ್ಲಿ ಅವಮಾನ ಉಂಡವನ ಕೈಯೇ ಕಲ್ಲು ಹಿಡಿಯಿತು. ಕ್ಯಾಮೆರಾ ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಮೌನದ ಅರ್ಥವೂ ಬದಲಾಗುತ್ತದೆ.

ಮೌನ ಯಾವಾಗಲೂ ಸೋಲಲ್ಲ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಸದ್ದು ಮಾಡದೆ ನಡೆದ ಆ ಕೆಲಸದ ಫಲ ಇವತ್ತಿಗೂ ನಮ್ಮ ಬಾಯಲ್ಲಿದೆ.

ಹೀರೋನ ಸಿನಿಮಾ ನಮ್ಮ ಸಿಟ್ಟನ್ನು ಮೂರು ತಾಸಿನಲ್ಲಿ ತಾನೇ ತೀರಿಸಿ, ನಮ್ಮನ್ನು ಹಗುರ ಮಾಡಿ ಮನೀಗೆ ಕಳಸ್ತದ. ಸಣ್ಣ ದನಿಯ ಸಿನಿಮಾ ಆ ಸಿಟ್ಟನ್ನು ನಮ್ಮ ಹೆಗಲಿಗೇ ಹೊರಿಸಿ ಕಳಸ್ತದ. ಅದರ ಸೆಳೆತ ಇರುವುದು ಅಲ್ಲೇ. ಹಳ್ಳಿಯ ಮಾಸ್ತರರಲ್ಲಿ ನಮ್ಮದೊಂದು ಕೋರಿಕೆ: ಇವನ್ನು ಮಕ್ಕಳಿಗೆ ತೋರಿಸಿ. ದೀಪ ಹಾಕಿದ ಮೇಲೆ ಕಥೆಯ ನೀತಿ ಕೇಳಬೇಡಿ. ಯಾರು ಸುಮ್ಮನಿದ್ದರು, ಯಾಕೆ ಸುಮ್ಮನಿದ್ದರು ಅಂತ ಕೇಳಿ. ಹಿಂದಿನ ಸಾಲಿನಲ್ಲಿ ಕುಂತ ಕೂಸು ಎದ್ದು ಉತ್ತರ ಹೇಳುವ ತನಕ ಕಾಯಿರಿ.