ಬೆಟ್ಟದ ತೊರೆ, ಬಯಲಿನ ಹೊಳೆ: ಲಕ್ಷ್ಮಣತೀರ್ಥ

ಮೈಸೂರಿನಿಂದ ಮಡಿಕೇರಿಗೆ ಹೋಗುವವರು ಹುಣಸೂರಿನಲ್ಲಿ ಒಂದು ಹೊಳೆ ದಾಟುತ್ತಾರೆ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಹರಿದೂ ಹರಿಯದಂತಿರುವ ಈ ಲಕ್ಷ್ಮಣತೀರ್ಥ, ಆಷಾಢ ಬಂತೆಂದರೆ ಕೆಂಪಗೆ ಉಕ್ಕುತ್ತದೆ. ಹುಣಸೂರಿನಲ್ಲಿ ಹನಿ ಮಳೆಯಿಲ್ಲದ ದಿನವೂ ಪ್ರವಾಹ ಬರುವುದೇಕೆ?

ಉತ್ತರ ಬ್ರಹ್ಮಗಿರಿಯಲ್ಲಿದೆ. ಕೊಡಗು ಮತ್ತು ವಯನಾಡಿನ ಗಡಿಯ ಈ ಶ್ರೇಣಿ ಸುಮಾರು 1,608 ಮೀಟರ್ ಎತ್ತರವಿದ್ದು, ನೀರನ್ನು ಹಲವು ದಿಕ್ಕಿಗೆ ಹಂಚುತ್ತದೆ. ಬಾರಾಪೊಳೆ ಪಶ್ಚಿಮಕ್ಕಿಳಿದು ಅರಬ್ಬಿ ಸಮುದ್ರ ಸೇರುತ್ತದೆ. ತಿರುನೆಲ್ಲಿ ಕಡೆಯ ನೀರು ಕಬಿನಿಗೆ ಹೋಗುತ್ತದೆ. ಲಕ್ಷ್ಮಣತೀರ್ಥ ಈಶಾನ್ಯಕ್ಕೆ ಹರಿದು ಕಾವೇರಿಯನ್ನು ಕೂಡುತ್ತದೆ. ಹೀಗೆ ಒಂದೇ ಬೆಟ್ಟದಲ್ಲಿ ಅಗಲಿದ ಎರಡು ನೀರು ತಿರುಮಕೂಡಲು ನರಸೀಪುರದ ಸಂಗಮದಲ್ಲಿ ಮತ್ತೆ ಒಂದಾಗುತ್ತವೆ.

ಯುರೋಪಿನ ಆಲ್ಪ್ಸ್ ಪರ್ವತದ ತೊರೆಗಳಿಗೆ ಹಿಮವೇ ಆಸರೆ. ಬೇಸಿಗೆಯಲ್ಲಿ ಹಿಮ ಕರಗಿ ಅವು ತುಂಬಿ ಹರಿಯುತ್ತವೆ. ನಮ್ಮ ತೊರೆಗೆ ಅಂಥ ಉಳಿತಾಯವಿಲ್ಲ. ಮುಂಗಾರಿನ ಮಳೆಯನ್ನು ಕಾಡಿನ ಮಣ್ಣು ಎಷ್ಟು ಹಿಡಿದಿಟ್ಟುಕೊಂಡೀತೋ ಅಷ್ಟೇ ಬೇಸಿಗೆಯ ಹರಿವು.

ಇರ್ಪುವಿನಲ್ಲಿ ತೊರೆ ಸುಮಾರು 170 ಅಡಿ ಧುಮುಕುತ್ತದೆ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತರಿಸಿದನೆಂಬುದು ಸ್ಥಳಪುರಾಣ. ಇಲ್ಲಿನ ರಾಮೇಶ್ವರನ ಗುಡಿಯಲ್ಲಿ ಶಿವರಾತ್ರಿಗೆ ಜನ ಸೇರುತ್ತಾರೆ.

ಬಯಲಿಗಿಳಿದ ಮೇಲೆ ಹೊಳೆಯ ಕತೆ ರೈತರದು. ಹನಗೋಡು, ಕಟ್ಟೆಮಳಲವಾಡಿ, ಶಿರಿಯೂರು ಮುಂತಾದೆಡೆ ಇದಕ್ಕೆ ಅಣೆಕಟ್ಟೆಗಳನ್ನು ಕಟ್ಟಲಾಯಿತು. ಇವು ನೀರನ್ನು ಕೂಡಿಡುವ ಜಲಾಶಯಗಳಲ್ಲ. ಹೊಳೆಗೆ ಅಡ್ಡಲಾಗಿ ಕಟ್ಟಿದ ತಗ್ಗು ಗೋಡೆಗಳು. ನೀರಿನ ಮಟ್ಟ ಕೊಂಚ ಏರಿ ಒಂದು ಪಾಲು ನಾಲೆಗೆ ತಿರುಗುತ್ತದೆ, ಮಿಕ್ಕಿದ್ದು ಗೋಡೆ ಹತ್ತಿ ಮುಂದಿನ ಊರಿಗೆ ಹರಿಯುತ್ತದೆ. ಮೇಲಿನವನು ಎಲ್ಲವನ್ನೂ ತಡೆಯಲಾರ, ಕೆಳಗಿನವನಿಗೂ ಪಾಲುಂಟು. ಬೆಟ್ಟದ ಮಳೆಯಿಂದ ಬಯಲಿನ ಗದ್ದೆ ಬೆಳೆದದ್ದು ಈ ಲೆಕ್ಕಾಚಾರದಿಂದ.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಕಾಮಗಾರಿ ಈ ಹೊಳೆಯ ಕೊನೆಯನ್ನೇ ಬದಲಿಸಿತು. ಕಾವೇರಿಯೊಡನೆ ಅದು ಕೂಡುತ್ತಿದ್ದ ಜಾಗ ಹಿನ್ನೀರಿನಲ್ಲಿ ಮುಳುಗಿತು. ಸಾಗರಕಟ್ಟೆಯ ಬಳಿ ಇಂದು ಕಾಣುವುದು ಹೊಳೆಯಲ್ಲ, ವಿಶಾಲ ಜಲರಾಶಿ.

2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಹುಣಸೂರು ತಾಲ್ಲೂಕಿನ ಹೊಲಗಳಿಗೆ ನುಗ್ಗಿತು. ನೀರು ಇಳಿದ ದಿನಗಳಲ್ಲಿ ಪಟ್ಟಣದ ಕೊಳಚೆಯೂ ಇದೇ ಹರಿವಿಗೆ ಸೇರುತ್ತದೆ. ಅದು ತಲಪುವುದು ಕೃಷ್ಣರಾಜಸಾಗರಕ್ಕೆ, ಅಲ್ಲಿಂದ ಮೈಸೂರಿನ ಕುಡಿಯುವ ನೀರಿಗೆ. ಲಕ್ಷ್ಮೀಪುರಂನಂಥ ನಗರದ ಬಡಾವಣೆಗಳಿಗೂ ಬ್ರಹ್ಮಗಿರಿಯ ಕಾಡಿಗೂ ಇರುವ ನಂಟು ಇದು. ಮೇಲೆ ಕಾಡು, ನಡುವೆ ಪಟ್ಟಣ: ಈ ಎರಡರ ಗತಿಯ ಮೇಲೆ ಕೆಳಗಿನವರ ಕೊಡದ ನೀರು ನಿಂತಿದೆ.