ಮಾವನ ಹಳೇ ಕಂಪ್ಯೂಟರು

ಮೊನ್ನೆ ರಾಮನಗರಕ್ಕೆ ಹೋಗಿದ್ದೆ. ಮಾವನ ಡಿಟಿಪಿ ಅಂಗಡಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿಗೆ ಮತ್ತೆ ಜೀವ ಬಂದಿತ್ತು! ೨೦೨೫ರಲ್ಲಿ ನಮ್ಮ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತಾಯಿತಲ್ಲ, "ವಿಳಾಸದಲ್ಲಿ ಒಂದೇ ಸಾಲು ಬದಲಿಸಿಕೊಡಿ" ಅಂತ ಚನ್ನಪಟ್ಟಣ, ಕನಕಪುರ, ಮಾಗಡಿಯ ಹಳೇ ಗಿರಾಕಿಗಳು ಬರುತ್ತಿದ್ದಾರಂತೆ. ಅವರ ಲೆಟರ್‌ಹೆಡ್, ಬಿಲ್ ಪುಸ್ತಕಗಳೆಲ್ಲ ಇರುವುದು ಪೇಜ್‌ಮೇಕರ್ ಫೈಲುಗಳಲ್ಲಿ. ಅವು ತೆರೆಯುವುದು ಆ ಕಂಪ್ಯೂಟರಿನಲ್ಲಿ ಮಾತ್ರ.

"ಹೊಸದಕ್ಕೆ ಹಾಕ್ಕೋಬಾರ್ದಾ ಮಾವ?" ಅಂದೆ. "ನೀನು ಇಂಜಿನಿಯರ್ ಅಲ್ವೇನೋ, ನೀನೇ ಹಾಕ್ಕೊಡು" ಅಂದ್ರು. ಕೂತ ಮೇಲೆ ಗೊತ್ತಾಯಿತು, ಇದರ ಹಿಂದೆ ದೊಡ್ಡ ಕಥೆಯೇ ಇದೆ.

ಪೇಜ್‌ಮೇಕರ್ ೧೯೮೫ರಲ್ಲಿ ಆಲ್ಡಸ್ ಕಂಪನಿ ಹೊರತಂದ ತಂತ್ರಾಂಶ. ೧೯೯೪ರಲ್ಲಿ ಆಲ್ಡಸ್ ಅಡೋಬಿಯಲ್ಲಿ ವಿಲೀನವಾಯಿತು. ಚಿತ್ರ ಬರೆಯಲು ಅಡೋಬಿಯ ಹತ್ತಿರ ಇಲಸ್ಟ್ರೇಟರ್ ಇತ್ತು, ಆಲ್ಡಸ್ ಮಾರುತ್ತಿದ್ದದ್ದು ಫ್ರೀಹ್ಯಾಂಡ್. ಎರಡೂ ಒಂದೇ ಕೈಗೆ ಹೋದರೆ ಸ್ಪರ್ಧೆ ಸಾಯುತ್ತದೆ ಎಂದು ಅಮೆರಿಕದ ವ್ಯಾಪಾರ ಆಯೋಗ ತಡೆಯಿತು. ಫ್ರೀಹ್ಯಾಂಡ್ ಅದನ್ನು ತಯಾರಿಸಿದ್ದ ಆಲ್ಟ್‌ಸಿಸ್‌ಗೆ ಮರಳಿ, ಅಲ್ಲಿಂದ ಮ್ಯಾಕ್ರೋಮೀಡಿಯಾ ಸೇರಿತು. ೨೦೦೫ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಕೊಂಡಿತು! ೨೦೦೭ರಲ್ಲಿ ಫ್ರೀಹ್ಯಾಂಡ್‌ಗೆ ಇನ್ನು ಹೊಸ ಆವೃತ್ತಿ ಇಲ್ಲ ಎಂದು ಪ್ರಕಟಿಸಿತು. ನಮ್ಮ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾದ ವರ್ಷವೂ ಅದೇ.

ಪೇಜ್‌ಮೇಕರ್‌ನ ಕಥೆ ಬೇರೆ. ೧೯೯೯ರಲ್ಲಿ ಇನ್‌ಡಿಸೈನ್ ಬಂತು. ಅದರ ಬೀಜ ಬಿದ್ದದ್ದೂ ಆಲ್ಡಸ್‌ನಲ್ಲೇ, ಹಾಗಾಗಿ ವಿಲೀನವನ್ನು ಬರೀ ಬೈದರೆ ತಪ್ಪಾಗುತ್ತದೆ. ೨೦೦೧ರ ಪೇಜ್‌ಮೇಕರ್ ೭ ಕೊನೆಯದಾಯಿತು. ೨೦೧೨ರ ಇನ್‌ಡಿಸೈನ್ ಸಿಎಸ್೬ವರೆಗೆ ಪೇಜ್‌ಮೇಕರ್ ಫೈಲು ತೆರೆಯಬಹುದಿತ್ತು, ಯೂನಿಕೋಡ್ ಕನ್ನಡವನ್ನೂ ಸಿಎಸ್೬ ಸರಿಯಾಗಿ ತೋರಿಸುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಹಳೇ ಫೈಲು ತೆರೆಯುವ ಸೌಲಭ್ಯ ಇಲ್ಲ. ೨೦೧೩ರಿಂದ ಹೊಸ ಆವೃತ್ತಿಗಳು ಚಂದಾ ಕಟ್ಟುವವರಿಗೆ ಮಾತ್ರ.

ನಮಗೆ ಇನ್ನೊಂದು ತೊಡಕು ಲಿಪಿಯದು. ಆ ಫೈಲುಗಳ ಕನ್ನಡ ನುಡಿ, ಶ್ರೀಲಿಪಿಯ ಹಳೇ ಫಾಂಟುಗಳಲ್ಲಿದೆ. ಫಾಂಟು ಇಲ್ಲದಿದ್ದರೆ "ಮಾಗಡಿ" ಅನ್ನುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

೨೦೨೨ರಲ್ಲಿ ಅಡೋಬಿ ಫಿಗ್ಮಾವನ್ನು ೨೦ ಬಿಲಿಯನ್ ಡಾಲರಿಗೆ ಕೊಳ್ಳಲು ಹೊರಟಿತ್ತು. ಯುರೋಪು, ಬ್ರಿಟನ್ನಿನ ನಿಯಂತ್ರಕರು ಆಕ್ಷೇಪಿಸಿದ ಮೇಲೆ ೨೦೨೩ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಆಗ ಆಫೀಸಿನಲ್ಲಿ ನಾವೆಲ್ಲ ಈ ಸುದ್ದಿಯನ್ನು ಷೇರು ಬೆಲೆಯ ಲೆಕ್ಕದಲ್ಲೇ ಮಾತಾಡಿಕೊಂಡಿದ್ದೆವು. ಮಾವನ ಅಂಗಡಿ ನನಗೆ ನೆನಪಾಗಿರಲೇ ಇಲ್ಲ.

ಎರಡು ಸಂಜೆ ಕೂತು ನಲವತ್ತು ಫೈಲುಗಳನ್ನು ಪಿಡಿಎಫ್ ಮಾಡಿದೆ. ತಿದ್ದಬೇಕಾದವನ್ನು ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಬೇಕು. ಅದರಲ್ಲಿ ನಮ್ಮಕ್ಕನ ಮದುವೆ ಕರೆಯೋಲೆಯೂ ಸಿಕ್ಕಿತು. ಇನ್ನೂ ಎರಡು ಡಬ್ಬ ಸೀಡಿ ಬಾಕಿ ಇವೆ, ಆ ಹಾರ್ಡ್ ಡಿಸ್ಕು ಆಗಲೇ ಕಿರುಗುಟ್ಟುತ್ತಿದೆ.

ನಿಮ್ಮೂರಿನ ಡಿಟಿಪಿ ಅಂಗಡಿಯಲ್ಲೂ ಇಂಥ ಕಂಪ್ಯೂಟರು ಇದ್ದೀತು. ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ವಿಚಾರಿಸ್ತೀರಾ?