ಹೆಗ್ಗಡೆ: ಹುದ್ದೆಯೊಂದು ಅಡ್ಡಹೆಸರಾದ ಬಗೆ

ಶಿರಸಿ, ಸಿದ್ದಾಪುರಗಳ ಅಡಿಕೆ ತೋಟದ ಹವ್ಯಕರು, ಕಾರ್ಕಳದ ಗುತ್ತುಮನೆಗಳ ಬಂಟರು, ಧರ್ಮಸ್ಥಳದ ಜೈನ ಮನೆತನ, ತೀರ್ಥಹಳ್ಳಿ ಕಡೆಯ ಒಕ್ಕಲಿಗರು, ಕೊಡಗಿನ ಒಂದು ಸಮುದಾಯ. ಹಿಂದಿನಿಂದ ಇವರ ನಡುವೆ ಹೆಣ್ಣು ಕೊಟ್ಟು ತರುವ ನಂಟಿಲ್ಲ. ಮನೆಮಾತು, ಆಚಾರ, ಆಸ್ತಿ ಇಳಿದುಬರುತ್ತಿದ್ದ ಕ್ರಮ ಎಲ್ಲರಲ್ಲೂ ಒಂದೇ ಆಗಿರಲಿಲ್ಲ. ಆದರೂ ಇವರೆಲ್ಲರಲ್ಲೂ ಹೆಗಡೆ, ಹೆಗ್ಡೆ ಅಥವಾ ಹೆಗ್ಗಡೆ ಎಂಬ ಹೆಸರು ಸಿಗುತ್ತದೆ.

ಒಂದೇ ಅಡ್ಡಹೆಸರು ಕಂಡಲ್ಲಿ ಒಬ್ಬನೇ ಮೂಲಪುರುಷನನ್ನು ಹುಡುಕುವುದು ರೂಢಿ. ಈ ಹೆಸರಿನ ಮಟ್ಟಿಗೆ ಆ ದಾರಿ ಎಲ್ಲಿಗೂ ಮುಟ್ಟುವುದಿಲ್ಲ. ಹೆಗ್ಗಡೆ ಮೊದಲು ಅರಮನೆಯ ಹುದ್ದೆ. ಆಮೇಲೆ ಊರಿನ, ಮನೆಯ ಯಜಮಾನಿಕೆ. ಕೊನೆಗೆ ಕಚೇರಿಯ ಕಾಗದದಲ್ಲಿ ನೆಲೆನಿಂತ ಅಡ್ಡಹೆಸರು. ಈ ಮೂರು ಘಟ್ಟಗಳನ್ನು ಬೇರೆ ಬೇರೆಯಾಗಿ ನೋಡಿದರೆ, ಹೆಸರು ಇಷ್ಟು ಜಾತಿಗಳಲ್ಲಿ ಹೇಗೆ ಹರಡಿತು ಎಂಬುದಷ್ಟೇ ಅಲ್ಲ, ಕೆಲವು ಕಡೆ ಅದು ಅಡ್ಡಹೆಸರೇ ಆಗದೆ ಉಳಿದದ್ದೇಕೆ ಎಂಬುದೂ ತಿಳಿಯುತ್ತದೆ.

ಪದದ ರೂಪ

ಹಳಗನ್ನಡದ ರೂಪ ಪೆರ್ಗಡೆ. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನಕ್ಕೆ ದ್ವಿತ್ವ ಕೊಟ್ಟು ಪೆರ್ಗ್ಗಡೆ ಎಂದು ಬರೆಯುವುದೇ ಹೆಚ್ಚು. ಮೊದಲ ಭಾಗ ಸ್ಪಷ್ಟ: ಹಿರಿದು ಎಂಬರ್ಥದ ‘ಪೆರ್’. ಹೆಬ್ಬಾಗಿಲು, ಹೆದ್ದಾರಿ, ಹೆಮ್ಮರ ಎಂಬ ಪದಗಳಲ್ಲಿ ಇರುವುದೂ ಇದೇ. ಹತ್ತನೆಯ ಶತಮಾನದ ಆಸುಪಾಸಿನಲ್ಲಿ ಕನ್ನಡದ ಪದಾದಿ ಪಕಾರ ಹಕಾರವಾಗತೊಡಗಿತು. ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಪೆರ್ಗಡೆ ಹೆರ್ಗಡೆಯಾಗಿ, ರೇಫ ಮುಂದಿನ ಗಕಾರದಲ್ಲಿ ಲೀನವಾಗಿ ಹೆಗ್ಗಡೆ ಆಯಿತು. ಮಾತಿನ ವೇಗದಲ್ಲಿ ಉತ್ತರ ಕನ್ನಡದಲ್ಲಿ ಹೆಗಡೆ, ಉಡುಪಿ ಕಡೆ ಹೆಗ್ಡೆ ಎಂದು ಇನ್ನಷ್ಟು ಸವೆಯಿತು.

ಪಕಾರ ಎಲ್ಲ ಕಡೆಯೂ ಅಳಿಯಲಿಲ್ಲ. ತುಳುವಿನಲ್ಲಿ ಪೆರ್ಗಡೆ ಎಂಬ ರೂಪವೇ ಉಳಿಯಿತು. ಧರ್ಮಸ್ಥಳದ ಹಳೆಯ ಹೆಸರು ಕುಡುಮ. ಅಲ್ಲಿನ ನೆಲ್ಯಾಡಿ ಬೀಡಿನಲ್ಲಿದ್ದವರು ಬಿರ್ಮಣ್ಣ ಪೆರ್ಗಡೆ ಮತ್ತು ಅಮ್ಮು ಬಲ್ಲಾಳ್ತಿ ಎಂಬ ದಂಪತಿ, ಧರ್ಮದೈವಗಳು ಬಂದದ್ದು ಅವರ ಮನೆಗೆ ಎಂದು ಕ್ಷೇತ್ರದ ಐತಿಹ್ಯ ಹೇಳುತ್ತದೆ. ಐತಿಹ್ಯದ ಕಾಲನಿರ್ಣಯ ಏನೇ ಇರಲಿ, ಅದು ಕಾಪಾಡಿಕೊಂಡು ಬಂದಿರುವ ಹೆಸರಿನ ರೂಪ ಹಳೆಯದು. ತೆಲುಗಿನಲ್ಲಿ ಅಕ್ಷರಗಳು ಸ್ಥಾನ ಬದಲಿಸಿ ಪ್ರೆಗ್ಗಡ, ಪ್ರಗಡ ಎಂದಾದವು, ಅರ್ಥ ಮಂತ್ರಿ. ಹದಿನಾಲ್ಕನೆಯ ಶತಮಾನದಲ್ಲಿ ತೆಲುಗು ಮಹಾಭಾರತವನ್ನು ಪೂರ್ಣಗೊಳಿಸಿದ ಎರ್ರಾಪ್ರೆಗ್ಗಡನ ಹೆಸರಿನಲ್ಲಿ ಇರುವುದು ಅದೇ. ಪ್ರಗಡ ಎಂದು ಮುಗಿಯುವ ಮನೆಹೆಸರುಗಳು ಆಂಧ್ರದಲ್ಲಿ ಇಂದಿಗೂ ಇವೆ.

ಶಾಸನಗಳ ಪೆರ್ಗಡೆ

ಕಲ್ಯಾಣ ಚಾಲುಕ್ಯರ ಮತ್ತು ಹೊಯ್ಸಳರ ಶಾಸನಗಳಲ್ಲಿ ಪೆರ್ಗಡೆ ಒಂಟಿಯಾಗಿ ಬರುವುದಕ್ಕಿಂತ ಇಲಾಖೆಯ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದೇ ಹೆಚ್ಚು ಗಮನಾರ್ಹ. ಅರಮನೆಯ ಆಡಳಿತ ನೋಡುವವನು ಮನೆವೆರ್ಗಡೆ, ಸುಂಕ ವಸೂಲಿಯ ಮೇಲಾಳು ಸುಂಕವೆರ್ಗಡೆ, ಅಡುಗೆಮನೆಯ ಮುಖ್ಯಸ್ಥ ಬಾಣಸವೆರ್ಗಡೆ. ಬಾಣಸವೆಂದರೆ ಅಡುಗೆ, ಬಾಣಸಿಗ ಎಂಬ ಪದದಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಇಲ್ಲಿನ ವಕಾರವೂ ಒಂದು ಸಾಕ್ಷಿ. ಬೆಮರ್ ಮತ್ತು ಪನಿ ಸೇರಿ ಬೆಮರ್ವನಿ ಆಗುವ ಹಾಗೆ ಉತ್ತರಪದದ ಪಕಾರಕ್ಕೆ ವಕಾರ ಆದೇಶವಾಗಿದೆ. ಅಂದರೆ ಈ ಸಮಾಸಗಳು ಹುಟ್ಟಿದ್ದು ಮೂಲಪದದಲ್ಲಿ ಪಕಾರ ಇನ್ನೂ ಇದ್ದ ಕಾಲದಲ್ಲಿ.

ಬಾಣಸವೆರ್ಗಡೆ ಎಂದೊಡನೆ ಸೌಟು ಹಿಡಿದವನನ್ನು ನೆನೆಯಬೇಕಾಗಿಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಪ್ರಬಲ ದಂಡನಾಯಕ ಅನಂತಪಾಲನ ಬಿರುದುಗಳಲ್ಲಿ ಬಾಣಸವೆರ್ಗಡೆ ಎಂಬುದೂ ಇದೆ. ಸೇನೆ ನಡೆಸುತ್ತಿದ್ದವನಿಗೆ ಅಡುಗೆಮನೆಯ ಪದವಿ ಇತ್ತೆಂದರೆ, ಅಷ್ಟರಲ್ಲೇ ಆ ಪದವಿ ದೊರೆಯ ನಂಬುಗೆಯ ಗುರುತಾಗಿತ್ತು ಎಂದರ್ಥ. ವಿಷಪ್ರಾಶನದ ಭಯವಿದ್ದ ಅರಮನೆಯಲ್ಲಿ ಅಡುಗೆಮನೆಯ ಉಸ್ತುವಾರಿ ಸಾಮಾನ್ಯನ ಕೈಗೆ ಹೋಗುವಂಥದಲ್ಲ. ಹೀಗೆ ಕೆಲಸದ ಹೆಸರು ಗೌರವದ ಹೆಸರಾಗುವ ಮೊದಲ ಹೆಜ್ಜೆ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲೇ ಕಾಣುತ್ತದೆ.

ಜಾತಿ, ಮತಗಳ ಪ್ರಶ್ನೆಗೂ ಅದೇ ಕಾಲದ ಒಂದು ಮನೆ ಉತ್ತರ ಕೊಡುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಸಂಗತಿಯನ್ನು ದಾಖಲಿಸಿದ ಶ್ರವಣಬೆಳಗೊಳದ ಶಾಸನ ಅವಳ ತಂದೆಯನ್ನು ಪೆರ್ಗಡೆ ಮಾರಸಿಂಗಮಯ್ಯ ಎನ್ನುತ್ತದೆ. ತಂದೆ ಶೈವ, ತಾಯಿ ಮಾಚಿಕಬ್ಬೆ ಜೈನಳು, ಮಗಳ ಸಾವಿನ ಬಳಿಕ ಸಲ್ಲೇಖನ ವ್ರತ ಹಿಡಿದವಳು. ಶಾಂತಲೆಯನ್ನು ಈ ಪದವಿಯಿಂದ ಯಾರೂ ಗುರುತಿಸುವುದಿಲ್ಲ, ಅದು ಅವಳ ತಂದೆಯ ಹುದ್ದೆ. ಪದ ನಿಂತಿರುವುದೂ ಹೆಸರಿನ ಮುಂದೆ, ನಾವು ಇಂದು ತಹಶೀಲ್ದಾರ್ ಇಂಥವರು ಎನ್ನುವ ಹಾಗೆ. ಸಿ.ಕೆ. ನಾಗರಾಜರಾಯರು ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯಲ್ಲಿ ಅವನನ್ನು ಹೆಗ್ಗಡೆ ಮಾರಸಿಂಗಯ್ಯನೆಂದು ಕರೆದು ಇದೇ ಕ್ರಮವನ್ನು ಉಳಿಸಿಕೊಂಡಿದ್ದಾರೆ.

ಹುದ್ದೆ ಮನೆಗೆ ಬಂದದ್ದು

ದೊಡ್ಡ ರಾಜ್ಯಗಳು ಒಡೆದ ಮೇಲೂ ಅವುಗಳ ಹುದ್ದೆಗಳ ಹೆಸರು ಹಳ್ಳಿಗಾಡಿನಲ್ಲಿ ಬದುಕಿದವು. ಗಾವುಂಡ ಗೌಡನಾದ, ಸೇನಬೋವ ಶಾನುಭೋಗನಾದ. ಹೆಗ್ಗಡೆಯೂ ಹೀಗೆಯೇ ಊರಿನ, ಮಾಗಣೆಯ ಯಜಮಾನನಾಗಿ ನೆಲೆಗೊಂಡ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಅಂಥ ಒಬ್ಬ ಪಾಳೆಯಗಾರನ ಹೆಸರು ಹೊತ್ತಿದೆ. ಕಾಪುವನ್ನು ಆಳಿದ ಜೈನ ಅರಸುಮನೆತನದವರಿಗೆ ಮರ್ದ ಹೆಗ್ಗಡೆ ಎಂಬುದು ಪಟ್ಟದ ಹೆಸರು.

ಪಟ್ಟ ಮತ್ತು ವಂಶನಾಮದ ವ್ಯತ್ಯಾಸವನ್ನು ಇಂದಿಗೂ ಕಣ್ಣಾರೆ ನೋಡಬಹುದಾದ ಜಾಗ ಧರ್ಮಸ್ಥಳ. ಅಲ್ಲಿ ಹೆಗ್ಗಡೆ ಎಂಬುದು ಧರ್ಮಾಧಿಕಾರಿಯ ಸ್ಥಾನ. ವೀರೇಂದ್ರ ಕುಮಾರರು 1968ರ ಅಕ್ಟೋಬರ್ 24ರಂದು ಪಟ್ಟವೇರಿ ವೀರೇಂದ್ರ ಹೆಗ್ಗಡೆಯವರಾದರು. ಅವರ ಸೋದರರ ಹೆಸರಿನ ಕೊನೆಗಿರುವುದು ಕುಮಾರ್ ಎಂದೇ ಹೊರತು ಹೆಗ್ಗಡೆ ಎಂದಲ್ಲ. ಒಬ್ಬ ತಂದೆಯ ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಸಲ್ಲುವ ಹೆಸರನ್ನು ಅಡ್ಡಹೆಸರು ಎನ್ನಲಾಗದು. ಮಾರಸಿಂಗಮಯ್ಯನ ಕಾಲದ ಅರ್ಥ ಇಲ್ಲಿ ಮುರಿಯದೆ ನಡೆದುಬಂದಿದೆ.

ಮಲೆನಾಡಿನಲ್ಲಿ ಅದು ದೊಡ್ಡ ಮನೆಯ ಯಜಮಾನಿಕೆಯಾಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ, ಸಿಂಬಾವಿಗೆ ಭರಮೈ ಹೆಗ್ಗಡೆ. ಪಕ್ಕದ ಬೆಟ್ಟಳ್ಳಿಗೆ ಕಲ್ಲಯ್ಯ ಗೌಡ, ಕೋಣೂರಿಗೆ ರಂಗಪ್ಪ ಗೌಡ. ಎಲ್ಲರೂ ಒಂದೇ ಜಾತಿಯವರು, ಬಂಧುಬಳಗದವರು. ‘ಕಾನೂರು ಹೆಗ್ಗಡಿತಿ’ಯಲ್ಲಿ (1936) ಇದು ಇನ್ನೂ ಸೂಕ್ಷ್ಮ. ಕಾನೂರಿನ ಯಜಮಾನ ಚಂದ್ರಯ್ಯ ಗೌಡ. ಅವನ ಹೆಂಡತಿ ಸುಬ್ಬಮ್ಮ ಹೆಗ್ಗಡಿತಿ. ಗಂಡನ ಹೆಸರಿನಲ್ಲಿ ಹೆಗ್ಗಡೆ ಇಲ್ಲದೆಯೂ ಹೆಂಡತಿ ಹೆಗ್ಗಡಿತಿ ಆಗಬಲ್ಲಳು. ಮನೆಯ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವಳ ಸ್ಥಾನಕ್ಕೆ ಸಲ್ಲುವ ಪದವದು.

ಈ ಸ್ತ್ರೀಲಿಂಗ ರೂಪ ಇತಿಹಾಸದ ಘಟ್ಟಗಳನ್ನು ಗುರುತಿಸುವ ಒಳ್ಳೆಯ ಅಳತೆಗೋಲು. ಹುದ್ದೆಗೆ ಲಿಂಗವಿದೆ, ಯಜಮಾನಿಕೆಗೂ ಇದೆ, ಅಡ್ಡಹೆಸರಿಗೆ ಇಲ್ಲ. ಇಂದು ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹುಡುಗನೂ ಹೆಗಡೆ, ಹುಡುಗಿಯೂ ಹೆಗಡೆ. ಹೆಗ್ಗಡಿತಿ ಎಂಬ ರೂಪ ಬಳಕೆ ತಪ್ಪಿದ ಕಡೆಯಲ್ಲೆಲ್ಲ ಪದ ಅಡ್ಡಹೆಸರಾಗಿ ಮಾಗಿದೆ ಎಂದು ತಿಳಿಯಬಹುದು.

ಮೂರು ಆಡಳಿತ, ಮೂರು ಬಗೆಯ ಬರವಣಿಗೆ

ಯಜಮಾನಿಕೆಯ ಹೆಸರು ಮನೆಯ ಎಲ್ಲ ಮಕ್ಕಳ ಹೆಸರಿಗೂ ಅಂಟಿದ್ದು ಯಾವಾಗ? ಇದಕ್ಕೆ ಉತ್ತರವನ್ನು ಶಾಸನಗಳಿಗಿಂತ ಹತ್ತೊಂಬತ್ತನೆಯ ಶತಮಾನದ ಆಡಳಿತದ ಗಡಿಗಳಲ್ಲಿ ಹುಡುಕಬೇಕು. ಕೆನರಾ ಪ್ರದೇಶ ಮೊದಲು ಮದರಾಸು ಪ್ರಾಂತ್ಯದಲ್ಲಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು; ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು; ಮಲೆನಾಡು ಮೈಸೂರು ಸಂಸ್ಥಾನದ್ದು. ಶಾಲೆಯ ದಾಖಲೆ, ಜಮೀನಿನ ಪತ್ರ, ಕೋರ್ಟಿನ ಕಾಗದಗಳಲ್ಲಿ ಹೆಸರು ಬರೆಯುವ ಕ್ರಮ ಮೂರು ಕಡೆಯೂ ಬೇರೆ.

ಮುಂಬಯಿ ಕ್ರಮದಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರಬೇಕು. ಸಿದ್ದಾಪುರದ ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿ, 1983ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದವರ ಪೂರ್ಣ ಹೆಸರು ರಾಮಕೃಷ್ಣ ಮಹಾಬಲೇಶ್ವರ ಹೆಗಡೆ. ಅಡ್ಡಹೆಸರಿನ ಜಾಗ ಖಾಲಿ ಬಿಡುವಂತಿಲ್ಲದ ಈ ಪದ್ಧತಿಯಲ್ಲಿ ಹವ್ಯಕರ ಮನೆಗಳು ತಮಗಿದ್ದ ಗೌರವನಾಮವನ್ನೇ ಅಲ್ಲಿ ತುಂಬಿದವು: ಪೌರೋಹಿತ್ಯ, ವೇದಾಧ್ಯಯನದ ನೆನಪಿದ್ದವರು ಭಟ್ಟ, ಜೋಶಿ, ಶಾಸ್ತ್ರಿ, ಊರಿನ, ತೋಟದ ಯಜಮಾನಿಕೆಯವರು ಹೆಗಡೆ. ಇಂದಿಗೂ ಶಿರಸಿ ಪೇಟೆಯಲ್ಲಿ ಒಬ್ಬರನ್ನು ಭಟ್ರು, ಇನ್ನೊಬ್ಬರನ್ನು ಹೆಗಡೇರು ಎಂದು ಕರೆಯುವುದರಲ್ಲಿ ಹೆಸರಿಗಿಂತ ಮರ್ಯಾದೆಯ ದನಿಯೇ ಹೆಚ್ಚು.

ಮದರಾಸಿನ ಕ್ರಮದಲ್ಲಿ ಮುಂದೆ ಊರಿನ ಅಥವಾ ಮನೆಯ ಹೆಸರಿನ ಮೊದಲಕ್ಷರ ಬಂತು. 1977ರಲ್ಲಿ ಲೋಕಸಭೆಯ ಸ್ಪೀಕರ್ ಆದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ಹೆಸರಿನಲ್ಲಿ ಕೆ ಎಂದರೆ ಕಾರ್ಕಳ ತಾಲೂಕಿನ ಕೌಡೂರು, ಎಸ್ ಎಂದರೆ ಸದಾನಂದ; ತಂದೆಯ ಹೆಸರು ಬರುವುದೇ ಇಲ್ಲ. ಅವರ ಮಗ, ಲೋಕಾಯುಕ್ತರಾಗಿದ್ದ ಎನ್. ಸಂತೋಷ್ ಹೆಗ್ಡೆಯವರ ಹೆಸರಿನ ಎನ್ ಎಂದರೆ ನಿಟ್ಟೆ, ತಾಯಿಯ ಕಡೆಯ ಊರು. ಬಂಟರ ಅಳಿಯಸಂತಾನ ಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ, ತಾಯಿಯ ‘ಬಳಿ’ಗೆ, ಅಂದರೆ ಕುಲಕ್ಕೆ, ಸೇರಿದವರು. ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. ಆ ಲೆಕ್ಕದಲ್ಲಿ ತಂದೆ ಹೆಗ್ಡೆ ಆದಮಾತ್ರಕ್ಕೆ ಮಗ ಹೆಗ್ಡೆ ಆಗಬೇಕಾಗಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಆಸ್ತಿಯ ಕಟ್ಟನ್ನು ಸಡಿಲಿಸಿದವು. ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಇಳಿಯುವುದು ವಾಡಿಕೆಯಾಯಿತು. ಮುಂದೆ ತಾಯಿಯ ಊರು, ಹಿಂದೆ ತಂದೆಯ ಹೆಗ್ಡೆ: ಎರಡು ಕಟ್ಟುಗಳೂ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ನಿಂತಿವೆ.

ಮೈಸೂರಿನಲ್ಲಿ ಅಡ್ಡಹೆಸರು ಬರೆಯಲೇಬೇಕೆಂಬ ಒತ್ತಾಯ ಇರಲಿಲ್ಲ. ಊರು, ತಂದೆ, ತನ್ನ ಹೆಸರು ಬಂದರೆ ಸಾಕು. ವೆಂಕಟಪ್ಪ ಗೌಡರ ಮಗ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಆದಾಗ ಗೌಡ ಉದುರಿತು. ಕುವೆಂಪು ಕಾದಂಬರಿಗಳ ತುಂಬ ಹೆಗ್ಗಡೆಗಳಿದ್ದರೂ ಶಿವಮೊಗ್ಗ ಜಿಲ್ಲೆಯ ಒಕ್ಕಲಿಗರಲ್ಲಿ ಅದು ಉತ್ತರ ಕನ್ನಡದಷ್ಟು ವ್ಯಾಪಕ ಅಡ್ಡಹೆಸರಾಗದೆ ಉಳಿದದ್ದಕ್ಕೆ ಕಾರಣ ಇಲ್ಲಿದೆ. ಯಜಮಾನಿಕೆ ಎರಡೂ ಕಡೆ ಇತ್ತು. ಅದನ್ನು ಎಲ್ಲ ಮಕ್ಕಳ ಹೆಸರಿಗೂ ಹಚ್ಚುವ ಕಾಗದ ಒಂದೇ ಕಡೆ ಇತ್ತು.

ಇಂದಿನ ಹರಹು

ಅಡ್ಡಹೆಸರಿನ ದಟ್ಟಣೆ ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರಗಳಲ್ಲಿ ಒಂದು. ಉಡುಪಿ, ಕಾರ್ಕಳ, ಕುಂದಾಪುರಗಳಲ್ಲಿ ಇನ್ನೊಂದು. ಮೊದಲನೆಯದರಲ್ಲಿ ಮುಖ್ಯವಾಗಿ ಹವ್ಯಕರು, ಎರಡನೆಯದರಲ್ಲಿ ಬಂಟರು. ಒಂದೇ ಊರಿನಲ್ಲಿ ಹತ್ತಾರು ಹೆಗಡೆ ಮನೆಗಳಿರುವ ಉತ್ತರ ಕನ್ನಡದಲ್ಲಿ ಗುರುತು ಹಿಡಿಯಲು ಅಡ್ಡಹೆಸರು ಸಾಲದು. ಮನೆಯ ಅಥವಾ ಊರಿನ ಹೆಸರನ್ನು ಮುಂದಿಡಲೇಬೇಕು. ಯಕ್ಷಗಾನದಲ್ಲಿ ಇದು ಎದ್ದು ಕಾಣುತ್ತದೆ. ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಇಬ್ಬರನ್ನೂ ಪ್ರೇಕ್ಷಕರು ಹೆಗಡೆ ಎಂದು ನೆನೆಯುವುದಿಲ್ಲ. ಕೆರೆಮನೆ, ಚಿಟ್ಟಾಣಿ ಎಂದರೇ ತಿಳಿಯುತ್ತದೆ.

ಕುಮಟಾ ತಾಲೂಕಿನಲ್ಲಿ ಹೆಗಡೆ ಎಂಬ ಹೆಸರಿನ ಊರೇ ಇದೆ. ಅಡ್ಡಹೆಸರು ಅಲ್ಲಿಂದಲೇ ಹೊರಟಿತು ಎಂದರೆ ಕಾರ್ಕಳದ ಬಂಟರಿಗೂ ಕೊಡಗಿನ ಹೆಗ್ಗಡೆ ಸಮುದಾಯಕ್ಕೂ ಆ ಊರಿನ ನಂಟು ತೋರಿಸಬೇಕಾಗುತ್ತದೆ; ಹನ್ನೆರಡನೆಯ ಶತಮಾನದ ಹೊಯ್ಸಳ ಪೆರ್ಗಡೆಗೆ ಆ ಊರಿನಿಂದ ವಿವರಣೆ ಸಿಗುವುದೂ ಇಲ್ಲ. ಹೆಸರಿನ ಒಟ್ಟು ಹರಹಿಗೆ ಹುದ್ದೆಯೊಂದೇ ಸಮರ್ಪಕ ಮೂಲ.

ಮುಂಬಯಿ, ಬೆಂಗಳೂರು, ವಿದೇಶಗಳಿಗೆ ಹೋದವರ ಕೈಯಲ್ಲಿ ಇನ್ನೊಂದು ಬದಲಾವಣೆ ಆಗಿದೆ. ಕನ್ನಡ ಲಿಪಿಯಲ್ಲಿ ಹೆಗಡೆ, ಹೆಗ್ಡೆ, ಹೆಗ್ಗಡೆ ಎಂದು ಬೇರೆಬೇರೆಯಾಗಿ ಕಾಣುತ್ತಿದ್ದವು. ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ ಎರಡೂ ಎಚ್‌ಇಜಿಡಿಇ ಎಂಬ ಐದು ಅಕ್ಷರಗಳಲ್ಲಿ ಒಂದಾದವು. ಪಾಸ್‌ಪೋರ್ಟಿನಲ್ಲಿ ಯಲ್ಲಾಪುರದ ಹವ್ಯಕ ಯಾರು, ಕಾರ್ಕಳದ ಬಂಟ ಯಾರು ಎಂದು ತಿಳಿಯುವುದಿಲ್ಲ. ಕನ್ನಡದ ಬರವಣಿಗೆ ಉಳಿಸಿಕೊಂಡಿದ್ದ ಊರುಕೇರಿಯ ಸುಳಿವನ್ನು ಆ ಕಾಗುಣಿತ ಅಳಿಸಿಹಾಕಿತು.

ಸಮಾರೋಪ

ಹುದ್ದೆಯಾಗಿದ್ದಾಗ ಹೆಗ್ಗಡೆ ಒಬ್ಬನದು, ಸಾಮಾನ್ಯವಾಗಿ ಹೆಸರಿನ ಮುಂದೆ ಬರುವಂಥದು, ಯಾವ ಮತದವನಿಗೂ ಸಿಗುವಂಥದು. ಯಜಮಾನಿಕೆಯಾದಾಗ ಅದು ಮನೆಯದು, ಹೆಂಡತಿಗೆ ಹೆಗ್ಗಡಿತಿ ಎಂಬ ಬೇರೆ ರೂಪ ಕೊಡುವಂಥದು. ಅಡ್ಡಹೆಸರಾದಾಗ ಎಲ್ಲ ಮಕ್ಕಳದು, ಲಿಂಗಭೇದವಿಲ್ಲದ್ದು. ಧರ್ಮಸ್ಥಳದಲ್ಲಿ ಮೊದಲ ಘಟ್ಟ, ಕುವೆಂಪು ಚಿತ್ರಿಸಿದ ಮಲೆನಾಡಿನಲ್ಲಿ ಎರಡನೆಯದು, ಉತ್ತರ ಕನ್ನಡ ಮತ್ತು ಉಡುಪಿಯಲ್ಲಿ ಮೂರನೆಯದು ಇಂದಿಗೂ ಓದಲು ಸಿಗುತ್ತವೆ.

ವಂಶದ ಇತಿಹಾಸ ಬರೆಯಹೊರಟವರಿಗೆ ಇದರಿಂದ ಒಂದು ಎಚ್ಚರಿಕೆಯೂ ಒಂದು ದಾರಿಯೂ ಸಿಗುತ್ತದೆ. ಹೆಗಡೆ ಎಂಬ ಪದ ಹಿಡಿದು ಹೋದರೆ ಸಿಗುವುದು ರಾಜ್ಯಾಡಳಿತದ ಚರಿತ್ರೆ, ಅಜ್ಜ ಮುತ್ತಜ್ಜರಲ್ಲ. ರಕ್ತಸಂಬಂಧ ಬೇಕಾದರೆ ಹವ್ಯಕರಲ್ಲಿ ಗೋತ್ರ ಮತ್ತು ಮನೆಯ ಹೆಸರು, ಬಂಟರಲ್ಲಿ ತಾಯಿಯ ಕಡೆಯ ಬಳಿ ಮತ್ತು ಗುತ್ತು, ಜೊತೆಗೆ ಜಮೀನಿನ ಹಳೆಯ ಪತ್ರಗಳಲ್ಲಿ ಹೆಸರಿನ ಮುಂದೆ ಬರೆದ ಊರು. ಇವನ್ನು ನೋಡಿದ ಮೇಲೆಯೇ ಅಡ್ಡಹೆಸರಿಗೆ ಬರಬೇಕು.